ಕರ್ಪೂರ ಆರಿಸದ ಮನೆಗಳು

ಹೊಸಕಟ್ಟೆಪಾಳ್ಯ, ಗುಬ್ಬಿ ತಾಲ್ಲೂಕು
9-3-1998

ಶಾಂತಲಾಳ ಅಪ್ಪನವರಿಗೆ ನಿಂಗಮ್ಮನ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಆ ಬೆಟ್ಟದ ಹಿಂದೆ ಚಳಿ ಜಾಸ್ತಿಯಂತೆ, ಕಂಬಳಿ ಹೊದ್ದು ಮಲಗುತ್ತೀರೋ ಇಲ್ಲವೋ, ನನಗೆ ಅದೇ ಯೋಚನೆ. ನಿನ್ನೆ ಕೆಟ್ಟ ಕನಸು ಬಿತ್ತು. ಸಾಮಾನೆಲ್ಲ ಲಾರಿಗೆ ತುಂಬಿ, ಕುಣಿಗಲ್ ದಾಟಿ, ಎಷ್ಟೋ ದೂರ ಹೋಗಿ ಇಳಿಸಿದರೆ ಅದು ನಮ್ಮೂರ ಮಾರಮ್ಮನ ಗುಡಿಯ ಅಂಗಳವೇ. ಎದ್ದು ನೀರು ಕುಡಿದು, ಬೆಳಗಾಗುವ ತನಕ ಶಾಂತಲಾಳ ಪಕ್ಕ ಕೂತಿದ್ದೆ.

ಮೊನ್ನೆ ಗುಡಿ ಪೂಜಾರಿ ಕಾಳಯ್ಯ ಮತ್ತೆ ಜಗಲಿಗೆ ಬಂದಿದ್ದ. ಮಾರಮ್ಮನ ಬೆಳ್ಳಿ ಕಣ್ಣು ಕಳುವಾದದ್ದು ಇನ್ನೂ ನಮ್ಮ ತಲೆಯ ಮೇಲೇ ಇದೆ. "ಊರೆಲ್ಲ ಕರ್ಪೂರ ಆರಿಸಿ ಆಣೆ ಮಾಡ್ತು. ನಿಮ್ಮೋರಿಗೆ ಮಾತ್ರ ಕೈ ಸುಡ್ತದಾ?" ಅಂದ. ಮಾವ ಕೋಪ ಮಾಡಿಕೊಳ್ಳಲಿಲ್ಲ. "ತಗೊಂಡಿಲ್ಲ ಅಂದ್ರೆ ತಗೊಂಡಿಲ್ಲ ಕಣಪ್ಪ. ಇದಕ್ಕೆ ಆಣೆ ಇಟ್ರೆ, ಮಿಕ್ಕ ದಿನ ನಾವು ಆಡಿದ್ದೆಲ್ಲ ಸುಳ್ಳು ಅಂದಂಗಾಯ್ತದೆ" ಅಂದರು. ಯಾವುದಕ್ಕೂ ಆಣೆ ಇಡಬಾರದು ಅಂತ ನಮ್ಮ ಒಕ್ಕಲಿನ ಗುರು ಹೇಳಿಕೊಟ್ಟದ್ದು ಅದೇ, ನನಗೂ ಗೊತ್ತು. ಆದರೆ ಗುರುವಿಗೆ ರಾಗಿ ಬೀಸಿಸುವ ಕೆಲಸ ಇರಲಿಲ್ಲವಲ್ಲ. ಆಣೆ ಇಡದ ನಮ್ಮ ಒಕ್ಕಲಿನ ಮನೆಗಳ ರಾಗಿಯನ್ನು ಮಿಲ್ಲಿನವನು ಮುಟ್ಟುವುದಿಲ್ಲ, ಡೈರಿಯಲ್ಲಿ ಹಾಲು ಅಳೆಯುವುದಿಲ್ಲ. ಹಿಟ್ಟಿಗೆ ಗುಬ್ಬಿಗೆ ಹೋಗಿ ಬರುತ್ತೇನೆ. ಬಸ್ಸಿನಲ್ಲಿ ನಾನು ಕೂತ ಸೀಟಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಆರಾಮಾಗಿ ಕೂತು ಬರ್ತೀಯಲ್ಲ ಅಂತ ಅತ್ತೆ ನಗಿಸಲು ನೋಡಿದರು, ನನಗೆ ನಗು ಬರಲಿಲ್ಲ. ಶಾಂತಲಾ ಸ್ಕೂಲಿಗೆ ಹೋಗಲ್ಲ ಅಂತ ಮೂಲೆ ಹಿಡಿದಿದ್ದಾಳೆ. ನಾನೂ ಆರನೇ ಕ್ಲಾಸಿಗೇ ಬಿಟ್ಟವಳು, ಅವಳಿಗೂ ಹಾಗೇ ಆಗುವುದು ಬೇಡ.

ತುಮಕೂರಿಗೆ ಬಂದುಬಿಡಿ, ಮರಳೂರಿನಲ್ಲಿ ಬಾಡಿಗೆ ಮನೆ ನೋಡ್ತೀನಿ ಅಂತ ನಮ್ಮಣ್ಣ ಹೇಳಿಕಳಿಸಿದ್ದ. ಮಾವ ಒಪ್ಪಲಿಲ್ಲ. ಪೇಟೆಗೆ ಹೋದರೆ ಒಂದೊಂದು ಮನೆ ಒಂದೊಂದು ಬೀದಿ ಪಾಲಾಗುತ್ತದೆ, ಮೊಮ್ಮಕ್ಕಳ ಕಾಲಕ್ಕೆ ನಾವು ಯಾರು ಅನ್ನುವುದೇ ಮರೆತುಹೋಗುತ್ತದೆ, ಯಾರಿಗೂ ಬೇಡದ ಕಲ್ಲುನೆಲವಾದರೂ ಸರಿ, ಎಲ್ಲ ಮನೆಯೂ ಒಟ್ಟಿಗೆ ಇರಬೇಕು ಅಂತಾರೆ. ಅದಕ್ಕೇ ತಾನೇ ಜಾಗ ನೋಡಲು ನಿಮ್ಮನ್ನು ಆ ಕಾಡುಮೂಲೆಗೆ ಕಳಿಸಿದ್ದು. ಇಲ್ಲಿ ಇರುವುದಕ್ಕಾಗುವುದಿಲ್ಲ. ಅಲ್ಲಿ ಬಸ್ಸಿಲ್ಲ, ಡಾಕ್ಟರಿಲ್ಲ, ಮಗುವಿಗೆ ಜ್ವರ ಬಂದರೆ ಏನು ಗತಿ ಅಂತ ಕೂತಲ್ಲಿ ನಿಂತಲ್ಲಿ ಯೋಚಿಸುತ್ತೇನೆ. ಆದರೂ ಸೋಗೆ ಗುಡಿಸಲಾದರೂ ಹಾಕಿರಿ, ಬರುತ್ತೇವೆ.

ಅತ್ತೆ ಮಾವ ನಿಮಗೆ ಆಶೀರ್ವಾದ ಹೇಳಿದ್ದಾರೆ. ಶಾಂತಲಾ ಮುತ್ತು ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ,
ನಿಮ್ಮ ನಿಂಗಮ್ಮ

ತಾ.ಕ. ಕಾಗದವನ್ನು ಗುಬ್ಬಿಗೆ ಹೋಗಿ ಅಂಚೆಗೆ ಹಾಕಬೇಕು, ಬಸ್ಸು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಜಮೀನು ಕೊಡುವ ಕದರಯ್ಯನವರು, ಹೊಸದಾಗಿ ಬರುವವರಿಗೆ ಗಡಿದೇವರ ಮುಂದೆ ಒಂದು ಸಣ್ಣ ಶಾಸ್ತ್ರ ಇದೆ ಅಂದರು ಅಂತ ಬರೆದಿದ್ದಿರಿ. ಮಾವನಿಗೆ ಅದನ್ನು ಹೇಳಿಲ್ಲ. ಏನದು, ಕಾಯಿ ಒಡೆಯುವುದೋ, ಆಣೆ ಇಡುವುದೋ? ಆಣೆಯೇ ಆಗಿದ್ದರೆ ಮಾವನ ಕಿವಿಗೆ ಬೀಳುವುದು ಬೇಡ. ಅವರು ಬರುವ ಮುಂಚೆ ನಾನು ಬಂದು ಇಟ್ಟುಬಿಡುತ್ತೇನೆ, ಕೆಟ್ಟರೆ ನನ್ನ ಮಾತು ಕೆಡಲಿ. ಒಬ್ಬರು ಇಟ್ಟರೆ ಸಾಕೋ, ಮನೆಮನೆಯವರೂ ಇಡಬೇಕೋ, ಇದೊಂದನ್ನು ಕದರಯ್ಯನವರ ಹತ್ತಿರ ಇನ್ನೊಂದು ಸಲ ಕೇಳಿ.