ಕೊಕ್ಕರೆ ಛಾಪಿನ ಚಾಕುವಿನ ಆಜೀವ ವಾರಂಟಿ

ಟ್ರಾಯ್, ಮಿಶಿಗನ್
ಜೂನ್ 14, 2025

ಪ್ರಿಯ ಫಜಲುಲ್ಲಾ,

ದಾವಣಗೆರೆಯ ನಾಗರಾಜನು ಹರಿಹರದ ಫಜಲುಲ್ಲಾನಿಗೆ ಮಾಡುವ ಸಲಾಮುಗಳು. ಊರು ಬಿಟ್ಟು ಇಷ್ಟು ವರ್ಷವಾದರೂ ನಾನು ದೊಡ್ಡ ಊರಿನವನು, ನೀನು ಪಕ್ಕದ ಊರಿನವನು ಎಂಬುದು ದಾಖಲೆಯಲ್ಲಿರಲಿ. ಇಲ್ಲಿ ಚಾಕು ಒಂದನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ. ಓಕ್ ಬ್ರೂಕಿನಲ್ಲಿ ನೀನು, ಗುಲ್‌ಶನ್ ಭಾಭಿ, ಮಗಳು ಲುಬ್ನಾ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಕಾಗದ ಬಂದದ್ದು ಯುಗಾದಿಯ ಹೊತ್ತಿಗೆ. ನನ್ನ ಉತ್ತರ ಹೊರಡುತ್ತಿರುವುದು ಈಗ. ತಪ್ಪಾಯಿತು. ಇನ್ನೂ ಒಂದು ತಪ್ಪನ್ನು ಹೊಟ್ಟೆಗೆ ಹಾಕಿಕೊ: ಇದು ಕೈಬರಹವಲ್ಲ, ಟೈಪು. ಫೋನು ಎಷ್ಟೇ ಸೋವಿಯಾದರೂ ನಮ್ಮ ಜಗಳ ಕಾಗದದಲ್ಲೇ ನಡೆಯಬೇಕೆಂದು ಕಟ್ಟುಪಾಡು ಹಾಕಿದವನು ನಾನೇ, ಮುರಿದವನೂ ನಾನೇ. ನನ್ನ ಅಕ್ಷರಗಳನ್ನು ನೀನು ಇರುವೆಗಳ ಮೆರವಣಿಗೆ ಎಂದು ಹಂಗಿಸಿದ್ದಕ್ಕೆ ಸಿಟ್ಟಾಗಿ ಹೀಗೆ ಮಾಡಲಿಲ್ಲ. ಈಗಿನ ಪೆನ್ನುಗಳ ಗುಣಮಟ್ಟವೇ ಸರಿಯಿಲ್ಲ ಕಣೋ. ಹಿಡಿದರೆ ಜಾರುತ್ತವೆ. ಪೆನ್ನಷ್ಟೇ ಏನು ಬಂತು, ಅಂಗಿಯ ಗುಂಡಿಗಳನ್ನು ನೋಡು. ಕಾಜಾಗಳನ್ನು ಎಷ್ಟು ಸಣ್ಣದಾಗಿ ಹೊಲೆಯುತ್ತಾರೆಂದರೆ, ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಹೋಗಬೇಕಾದ ಮದುವೆಯೇ ಮುಗಿದಿರುತ್ತದೆ. ಪ್ರಪಂಚ ಒಟ್ಟಾರೆ ಕಳಪೆಯಾಗುತ್ತಿದೆ ಎಂಬ ನನ್ನ ಸಿದ್ಧಾಂತಕ್ಕೆ ಈ ವರ್ಷ ಸಾಕಷ್ಟು ಸಾಕ್ಷ್ಯ ಸಿಕ್ಕಿದೆ.

ಅದರಲ್ಲಿ ಅತಿ ದುಃಖದ ಸಾಕ್ಷ್ಯವೆಂದರೆ ನಮ್ಮ ಕೊಕ್ಕರೆ ಛಾಪಿನ ಚಾಕು. ಅದೀಗ ಬಿಡಿಸಲು ಬರುತ್ತಿಲ್ಲ. ಅಲಗಿನ ಮೇಲಿನ ಗೀರಿಗೆ ಉಗುರು ಕೊಟ್ಟು ಎಳೆದರೆ, ಬಡ್ಡಿ ಮಗಂದು, ಹಿಡಿಯೊಳಗೆ ಮುದುರಿಕೊಂಡು ಕೂತೇ ಇರುತ್ತದೆ. ಜುಲೈನಲ್ಲಿ ಕಲಮಜೂ ಇದೆ. ಅಷ್ಟರೊಳಗೆ ಅದು ಬಿಡಿಸಿಕೊಳ್ಳದಿದ್ದರೆ ನನ್ನ ಮಾನ ಹೋಗುತ್ತದೆ.

ಕಲಮಜೂ ಎಂದರೆ ಊರಲ್ಲ, ವ್ರತ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ನಿನ್ನ ಶಿಕಾಗೋಗೂ ನನ್ನ ಡೆಟ್ರಾಯಿಟಿಗೂ ಹೆಚ್ಚುಕಡಿಮೆ ನಡುವೆ, ಹೈವೇಯಿಂದ ಇಳಿದರೆ ಸಿಗುವ ಆ ಪಾರ್ಕು, ಆ ಸೊಟ್ಟ ಮರದ ಮೇಜು. ಪ್ರತಿ ಬೇಸಿಗೆ ನೀನು ಪಶ್ಚಿಮದಿಂದ ಮಂಡಕ್ಕಿ ಚೀಲ ಹೊತ್ತು ಬರುವುದು, ನಾನು ಪೂರ್ವದಿಂದ ಮಾವಿನಕಾಯಿ, ಈರುಳ್ಳಿ, ಚಾಕು ತರುವುದು. ಆ ಮೇಜಿನ ಮೇಲೆ ಏನೇ ಹೆಚ್ಚಿದರೂ ಕೊಕ್ಕರೆ ಚಾಕುವಿನಲ್ಲೇ ಹೆಚ್ಚಬೇಕು, ನಾನೇ ಹೆಚ್ಚಬೇಕು. ಮಾವಿನಕಾಯಿ ಚೂರು ದಪ್ಪವಾದರೆ ನೀನು ಬೈಯಬೇಕು. ಒಂದು ವರ್ಷ ಲುಬ್ನಾ ಮನೆಯಲ್ಲೇ ಎಲ್ಲ ಹೆಚ್ಚಿ ಡಬ್ಬಿಯಲ್ಲಿ ತುಂಬಿ ತಂದಾಗ, "ಇದು ಮಂಡಕ್ಕಿ ಅಲ್ಲಮ್ಮ, ಆಸ್ಪತ್ರೆ ಊಟ" ಎಂದು ನೀನು ಮುಖ ತಿರುಗಿಸಿದ್ದು ನೆನಪಿದೆಯಾ? ಪಾಪ, ಹುಡುಗಿ ಅತ್ತೇಬಿಟ್ಟಿದ್ದಳು.

ಚಾಕು ರಿಪೇರಿಗೆ ಕಳಿಸಲು ಪ್ಯಾಕ್ ಮಾಡುವಾಗ ಹಳೆಯದೆಲ್ಲ ನುಗ್ಗಿ ಬಂತು. ಮ್ಯಾಡಿಸನ್ ಹೈಟ್ಸಿನ ನಮ್ಮ ಆ ಅಪಾರ್ಟ್‌ಮೆಂಟು. ಇಬ್ಬರು ಬ್ರಹ್ಮಚಾರಿಗಳು, ಒಂದು ಬಾಣಲೆ, ಇಬ್ಬರಿಂದಲೂ ಬೈಗುಳ ತಿನ್ನುವ ಒಂದು ಹಳೆ ಕಾರು. ಮನೆಗೆ ಚಾಕು ತಾ ಎಂದು ಅಂಗಡಿಗೆ ಕಳಿಸಿದರೆ ನೀನು ತಂದದ್ದು ಜೇಬಿನಲ್ಲಿಡುವ ಮಡಿಚುವ ಚಾಕು. "ಲೇ, ಇದ್ರಲ್ಲಿ ಕುಂಬಳಕಾಯಿ ಹೆಂಗ್ ಹೆಚ್ಚದು?" ಎಂದು ನಾನು ಕೇಳಿದರೆ, "ನಿಧಾನಕ್ಕೆ ಹೆಚ್ಚಲೇ, ಯಾರ್ ಅಟ್ಟಿಸ್ಕಂಡ್ ಬರ್ತಿದಾರೆ?" ಎಂದೆ. ಅದರಲ್ಲೇ ಈರುಳ್ಳಿ ಹೆಚ್ಚಿದೆವು, ಒಲೆಯ ಗುಬುಟಿನ ಸ್ಕ್ರೂ ಬಿಗಿ ಮಾಡಿದೆವು, ಊರಿಂದ ಬಂದ ಪಾರ್ಸೆಲಿನ ಹೊಲಿಗೆ ಬಿಚ್ಚಿದೆವು, ಕಾರಿನ ಗಾಜಿನ ಮೇಲಿನ ಐಸು ಕೆರೆದೆವು. ಆಯುಧಪೂಜೆಯ ದಿನ ಪೂಜಿಸಲು ಮನೆಯಲ್ಲಿದ್ದ ಆಯುಧವೂ ಅದೊಂದೇ. ನಾನು ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಿದ್ದರೆ ನೀನು ಪಕ್ಕದಲ್ಲಿ ಮಂಡಕ್ಕಿ ಕಲಸುತ್ತ, "ಬೇಗ ಮುಗಿಸ್ರಿ ಸ್ವಾಮ್ಗಳೆ, ಮೆತ್ತಗಾಗ್ತದೆ" ಎಂದು ಪುರೋಹಿತನನ್ನೇ ಗದರುತ್ತಿದ್ದೆ.

ಆಮೇಲೆ ನಿನಗೆ ಶಿಕಾಗೋ ಕೆಲಸ ಸಿಕ್ಕಿತು. ಹೊರಡುವ ದಿನ, ನೀನು ನನಗೇ ಬಿಟ್ಟುಹೋದ ಹಳೆ ಕಾರಿನ ಬಾನೆಟ್ಟಿನ ಮೇಲೆ ಹಿಮ. ನೀನು ಜೇಬಿನಿಂದ ಚಾಕು ತೆಗೆದೆ. ನಾನು ಕೈ ನೀಡಿದೆ. ನೀನು ಕೊಡಲಿಲ್ಲ. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆ ಎಂದು ನಿಮ್ಮ ಅಮ್ಮ ಹರಿಹರದಲ್ಲಿ ಹೇಳುತ್ತಿದ್ದರಂತೆ, ನಮ್ಮವ್ವ ದಾವಣಗೆರೆಯಲ್ಲಿ ಹೇಳುತ್ತಿದ್ದಳು. ಬೇರೆ ಯಾವ ವಿಷಯದಲ್ಲೂ ಒಂದಾಗದ ಎರಡು ಊರುಗಳು ಇದೊಂದರಲ್ಲಿ ಒಂದಾಗಿದ್ದವು. ನೀನು ಚಾಕುವನ್ನು ಹಿಮದ ಮೇಲೆ ಇಟ್ಟು, "ಲೇ ನಾಗ್ಯಾ, ನಾನ್ ಕೊಡ್ತಿಲ್ಲ. ಇಲ್ಲಿ ಇಡ್ತಿದೀನಿ. ತಗಂಡ್ರೆ ನಿನ್ ಇಷ್ಟ" ಎಂದೆ. ನಾನು ತೆಗೆದುಕೊಂಡೆ. ಕೆಳಗೆ ಹಿಮದಲ್ಲಿ ಅದರ ಆಕಾರದ ಗುಳಿ ಉಳಿದಿತ್ತು. ನಿನ್ನ ಬಾಡಿಗೆ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಬಾನೆಟ್ಟನ್ನೇ ನೋಡುತ್ತ ನಿಂತಿದ್ದೆ. ಅಂದಿನಿಂದ ಇಂದಿನವರೆಗೆ ಕಲಮಜೂನಲ್ಲಿಯೂ ಅದೇ ಶಾಸ್ತ್ರ: ಒಬ್ಬರು ಮೇಜಿನ ಮೇಲೆ ಇಡುವುದು, ಇನ್ನೊಬ್ಬರು ಎತ್ತಿಕೊಳ್ಳುವುದು. ಜಗಳ ಮಾತ್ರ ನಿಂತಿಲ್ಲ. ಅದು ಚಾಕುವಿನ ತಪ್ಪಲ್ಲ, ನಿನ್ನ ಸ್ವಭಾವ.

ಇರಲಿ. ಈಗ ಕಂಪನಿಯ ಕಥೆಗೆ ಬರುತ್ತೇನೆ.

ಚಾಕುವಿನ ಡಬ್ಬಿಯನ್ನು ನೀನು ಎಸೆದಿರಲಿಲ್ಲ, ನಾನೂ ಎಸೆದಿರಲಿಲ್ಲ. ಅದರ ಮೇಲೆ ಕೊಕ್ಕರೆಯ ಚಿತ್ರ, ಕೆಳಗೆ 'ಆಜೀವ ವಾರಂಟಿ' ಎಂಬ ಒಕ್ಕಣೆ. ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಯಂತ್ರ ಮಾತಾಡುತ್ತದೆ ಎಂದು ಬೈಗುಳ ಸಿದ್ಧ ಮಾಡಿಕೊಂಡಿದ್ದೆ. ಮೊದಲ ಗಂಟೆಗೇ ಮನುಷ್ಯಳೇ ಎತ್ತಿಕೊಂಡಳು. ಸಿದ್ಧ ಮಾಡಿದ್ದೆಲ್ಲ ದಂಡವಾಯಿತು. ಹೆಸರು ಡಾರ್ಲೀನ್. ಹುಡುಗಿಯಲ್ಲ, ನಮ್ಮ ವಯಸ್ಸಿಗೆ ಸ್ವಲ್ಪ ಈಚಿನವಳು. ಎಲ್ಲರನ್ನೂ ಮುದ್ದಾಗಿ 'ಹನಿ' ಎನ್ನುತ್ತಾಳೆ. ಇದನ್ನು ಗುಲ್‌ಶನ್ ಭಾಭಿಯ ಮುಂದೆ ಓದಬೇಡ. ಇಲ್ಲಿ ನಮ್ಮನೆಯವಳು ನೀಲಗಂಗಾ ಒಬ್ಬಳು ಕೇಳಿಸಿಕೊಂಡದ್ದೇ ಸಾಕಾಗಿದೆ.

"ಚಾಕುವಿನ ಮೊದಲ ಮಾಲೀಕರು ನೀವೇನಾ?" ಎಂದು ಡಾರ್ಲೀನ್ ಕೇಳಿದಳು.

ಸುಳ್ಳು ಹೇಳಬಹುದಿತ್ತು. ನಿನ್ನ ಹೆಸರು ಹೇಳಿದೆ.

"ವಾರಂಟಿ ಮೊದಲ ಮಾಲೀಕರು ಬದುಕಿರುವವರೆಗೆ ಮಾತ್ರ, ಹನಿ." ಆಮೇಲೆ ದನಿ ತಗ್ಗಿಸಿ, "ಅವರು ಈಗ..." ಎಂದು ನಿಲ್ಲಿಸಿದಳು.

"ಇದ್ದಾನೆ, ಇದ್ದಾನೆ. ಶಿಕಾಗೋ ಪಕ್ಕದಲ್ಲಿ ಗುಂಡುಕಲ್ಲಿನ ಹಾಗಿದ್ದಾನೆ" ಎಂದೆ. ಅವಳ ನಿಟ್ಟುಸಿರು ನನಗೆ ಕೇಳಿಸಿತು. ನೀನು ಬದುಕಿರುವುದಕ್ಕೆ ಇಷ್ಟು ಸಂತೋಷಪಟ್ಟ ಅಪರಿಚಿತರು ಈ ದೇಶದಲ್ಲಿ ಇನ್ಯಾರೂ ಇರಲಿಕ್ಕಿಲ್ಲ.

ಚಾಕು ಕಳಿಸಿದೆ. ಕೆಲವು ದಿನಗಳ ಮೇಲೆ ಫೋನು. ಈ ಸಲ ಅವಳ ದನಿಯಲ್ಲಿ ಪೊಲೀಸಿನವರ ಗತ್ತು. ಕೀಲಿನ ಸಂದಿಯಲ್ಲಿ ಕೆಂಪು ಮತ್ತು ಹಳದಿ ವಸ್ತು ಗಟ್ಟಿಯಾಗಿ ಕೂತಿದೆಯಂತೆ. ಟೆಕ್ನೀಷಿಯನ್ ಮುಟ್ಟಲು ಹೆದರುತ್ತಿದ್ದಾನಂತೆ. "ಸರ್, ಇದು ರಕ್ತವಲ್ಲ ತಾನೇ?"

ಫಜಲು, ನಲವತ್ತು ವರ್ಷಕ್ಕೂ ಮೇಲೆ ತೆರಿಗೆ ಕಟ್ಟಿದ ಮನುಷ್ಯ ನಾನು, ಒಂದು ನಿಮಿಷ ಕೈಕೋಳ ಹಾಕಿಸಿಕೊಂಡಂತೆ ಬೆವರಿದೆ. ಆಮೇಲೆ ಹೊಳೆಯಿತು: ಕುಂಕುಮ! ವರ್ಷಕ್ಕೊಮ್ಮೆ ಹಚ್ಚುವುದು, ಮೇಲೆ ಕೊಬ್ಬರಿ ಎಣ್ಣೆ ಬಿಡುವುದು. ಸಂದಿಯಲ್ಲಿ ಕೂತು ಸಿಮೆಂಟಾಗಿದೆ. ಡಾರ್ಲೀನಳಿಗೆ ವಿವರಿಸಿದೆ. "ಇದು ನಮ್ಮ ಪೂಜೆ. ವರ್ಷಕ್ಕೊಂದು ದಿನ ಕೆಲಸದ ಸಾಮಾನುಗಳಿಗೆಲ್ಲ ನಮಸ್ಕಾರ ಮಾಡುತ್ತೇವೆ."

"ಚಾಕುವಿಗೆ?"

"ಚಾಕುವಿಗೆ, ಕಾರಿಗೆ, ಹುಲ್ಲು ಕತ್ತರಿಸುವ ಮಿಷನ್ನಿಗೆ."

"ಇಲ್ಲಿಗೆ ಫೋನ್ ಮಾಡುವವರೆಲ್ಲ ಚಾಕುವಿಗೆ ಶಾಪ ಹಾಕುವವರೇ, ಹನಿ. ಟೆಕ್ನೀಷಿಯನ್‌ಗೆ ಹೇಳ್ತೀನಿ, ಮೆಲ್ಲಗೆ ತೊಳೀಲಿ" ಎಂದಳು.

ತೊಳೆದು, ಎಣ್ಣೆ ಹಾಕಿ, ಅಲಗು ಮಸೆದು ಕಳಿಸಿದರು. ನಾನು ದೇವರಿಗೆ ಕೈಮುಗಿದು ಉಗುರು ಕೊಟ್ಟೆ. ಬಿಡಿಸಿಕೊಳ್ಳಲಿಲ್ಲ. ಮತ್ತೆ ಫೋನ್ ಮಾಡಿ, ನಿಮ್ಮ ಕಂಪನಿಯ ಸ್ಪ್ರಿಂಗು, ನಿಮ್ಮ ಉಕ್ಕು, ನಿಮ್ಮ ಕೊಕ್ಕರೆ, ಯಾವುದೂ ಮೊದಲಿನಂತಿಲ್ಲ ಎಂದು ಭಾಷಣ ಮಾಡಿದೆ. ಡಾರ್ಲೀನ್ ಮರುಮಾತಾಡದೆ ಹೊಸ ಚಾಕು ಕಳಿಸಿದಳು. ಹಳೆಯದನ್ನೂ ಇಟ್ಟುಕೊಳ್ಳಿ ಎಂದಳು. ಹೊಸದು ಕನ್ನಡಿಯ ಹಾಗಿದೆ. ಅದೂ ಬಿಡಿಸಲು ಬರಲಿಲ್ಲ!

ಮರುದಿನ ಮೊಮ್ಮಗಳು ಮಾಳವಿಕಾ ನಾರ್ತ್‌ವಿಲ್‌ನಿಂದ ಬಂದಿದ್ದಳು. ಸಾಕ್ಷಿಗೆ ಇರಲಿ ಎಂದು ಎರಡೂ ಚಾಕುಗಳನ್ನು ಅವಳ ಮುಂದೆ ಇಟ್ಟೆ. ಅವಳು ಎಡಗೈಯಲ್ಲಿ ಫೋನು ನೋಡುತ್ತ, ಬಲಗೈ ಹೆಬ್ಬೆರಳಿನಲ್ಲೇ ಟಕ್ಕೆಂದು ಒಂದು, ಟಕ್ಕೆಂದು ಇನ್ನೊಂದು ಬಿಡಿಸಿಟ್ಟಳು. "ಇಟ್ಸ್ ಫೈನ್, ಅಜ್ಜಾ." ದಿನವಿಡೀ ಫೋನು ಉಜ್ಜಿ ಉಜ್ಜಿ ಈಗಿನ ಮಕ್ಕಳ ಹೆಬ್ಬೆರಳು ಗರಡಿಯಾಳಿನ ತೋಳಾಗಿದೆ, ಅದನ್ನು ಪ್ರಮಾಣವೆಂದು ಒಪ್ಪುವುದು ಹೇಗೆ? ಒಳಗಿಂದ ನೀಲಗಂಗಾ, "ಅದನ್ನ ಅಲ್ಲಿಗೆ ಬಿಡ್ರಿ, ಬಂದು ಊಟ ಮಾಡ್ರಿ" ಎಂದಳು. ಅವಳ ಮೇಲೂ ನನಗೊಂದು ದೂರಿದೆ. ಇತ್ತೀಚೆಗೆ ಈ ಮನೆಯಲ್ಲಿ ಒಂದು ಮುಚ್ಚಳವೂ ಬಿಗಿಯಾಗಿ ಹಾಕಿರುವುದಿಲ್ಲ. ಉಪ್ಪಿನಕಾಯಿ ಬಾಟಲಿ, ಗುಳಿಗೆ ಡಬ್ಬಿ, ಎಲ್ಲ ಅರ್ಧಂಬರ್ಧ. ನಲವತ್ತು ವರ್ಷದ ಶಿಸ್ತು ಮಣ್ಣುಪಾಲು.

ಕೊನೆಯ ಸಲ ಡಾರ್ಲೀನಳಿಗೆ ಇದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. "ನಿಮ್ಮ ಮೊಮ್ಮಗಳಿಗೆ ಸಲೀಸಾಗಿ ಬಿಡಿಸಲು ಬಂತಾ?" ಎಂದು ಕೇಳಿ, ಆಮೇಲೆ ಇನ್ನೇನೋ ಹೇಳಿದಳು. ಅದು ಈಗ ಬೇಡ. ಒಟ್ಟಿನಲ್ಲಿ ಕಂಪನಿಯ ಮೇಲೆ ನಾನು ಹೂಡಿದ್ದ ಸಮರವನ್ನು ಹಿಂತೆಗೆದುಕೊಂಡಿದ್ದೇನೆ. ಇಷ್ಟು ಒಳ್ಳೆಯ ಗ್ರಾಹಕ ಸೇವೆ ಇಟ್ಟುಕೊಂಡು ಮನುಷ್ಯರಿಗೆ ಬೈಯುವ ಸುಖವನ್ನೂ ಕೊಡದ ಕಂಪನಿಯ ಮೇಲೆ ಯಾರಿಗೆ ದೂರು ಕೊಡುವುದು?

ಕಲಮಜೂಗೆ ಬರುವುದು ಬಂದೇ ಬರುತ್ತೇನೆ. ಡ್ರೈವ್ ಮಾಡುವುದು ನೀಲಗಂಗಾ. ನೀನು ಮಂಡಕ್ಕಿ ಗರಿಗರಿಯಾಗಿರುವುದನ್ನೇ ತಾ. ಹೋದ ವರ್ಷದ್ದು ಚಪ್ಪಲಿಯ ಹಾಗಿತ್ತು.

ಲುಬ್ನಾಳಿಗೆ ನನ್ನ ಆಶೀರ್ವಾದ, ಭಾಭಿಗೆ ನಮಸ್ಕಾರ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವನು ನಾನಲ್ಲ, ಎರಡೇ ತಿಂಗಳು ಚಿಕ್ಕವನು. ಆದರೂ ಹೇಳುತ್ತೇನೆ: ನೂರು ವರ್ಷ ಬಾಳು. ನೀನು ಉಸಿರಾಡುವವರೆಗೆ ಮಾತ್ರ ನನ್ನ ಚಾಕುವಿಗೆ ವಾರಂಟಿ. ವಾಕಿಂಗ್ ತಪ್ಪಿಸಬೇಡ. ಸಕ್ಕರೆ ಕಮ್ಮಿ ಮಾಡು.

ನಿನ್ನ ಪಕ್ಕದೂರಿನ,
ನಾಗ್ಯಾ

ಮರೆತಿದ್ದೆ: ಮೇಲಿನ ಸಹಿ ಮಾತ್ರ ಕೈಯಲ್ಲಿ ಮಾಡಿದ್ದೇನೆ. ಮೂರು ಹಾಳೆ ಹಾಳಾದ ಮೇಲೆ ಬಂದದ್ದು ಇದು. ನಿನ್ನ ಇರುವೆಗಳು ಈಗ ಮೆರವಣಿಗೆ ಮರೆತು ದಿಕ್ಕಾಪಾಲಾಗಿವೆ.

ಡಾರ್ಲೀನ್ ಹೇಳಿದ್ದು ಇದು: "ನಮ್ಮಪ್ಪನೂ ಹೀಗೇ ಚಾಕುಗಳನ್ನು ಬೈಯುತ್ತಿದ್ದರು. ಚಾಕು ಸರಿಯಾಗೇ ಇತ್ತು. ನೀವು ಒಮ್ಮೆ ಡಾಕ್ಟರಿಗೆ ಕೈ ತೋರಿಸಿ, ಹನಿ." ತೋರಿಸಿದೆ. ಪಾರ್ಕಿನ್ಸನ್ ಅಂತೆ. ಪೆನ್ನು, ಗುಂಡಿ, ಚಾಕು, ಯಾವುದರ ಗುಣಮಟ್ಟವೂ ಕೆಟ್ಟಿರಲಿಲ್ಲ ಫಜಲು. ಗುಳಿಗೆ ನುಂಗಿದರೆ ಕೆಲಕಾಲ ಸಲೀಸು, ಆದರೆ ಪೂರ್ತಿ ರಿಪೇರಿ ಇಲ್ಲ, ಬದಲಿ ಕಳಿಸುವ ಪದ್ಧತಿಯೂ ಇಲ್ಲ ಎಂದರು ಡಾಕ್ಟರು. ಮಕ್ಕಳಿಗೆ ಇನ್ನೂ ಹೇಳಿಲ್ಲ. ನೀಲಗಂಗಾಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವಳು ಬೆಚ್ಚಿಬೀಳಲಿಲ್ಲ. ಮುಚ್ಚಳಗಳೆಲ್ಲ ಯಾಕೆ ಸಡಿಲ ಎಂದು ಅಲ್ಲಿ ಕೂತಾಗ ನನಗೆ ಗೊತ್ತಾಯಿತು. ಅವಳಿಗೆ ಚಳಿಗಾಲದಲ್ಲೇ ತಿಳಿದಿತ್ತು.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ಕಲಮಜೂನಲ್ಲಿ ಎಂದಿನಂತೆ ಹಳೆಯ ಚಾಕುವನ್ನು ಮೇಜಿನ ಮೇಲೆ ಇಡುತ್ತೇನೆ. ಮಾವಿನಕಾಯಿ ಚೆನ್ನಾಗಿದೆಯೋ ನೋಡ್ತೀನಿ ಅಂತಲೋ ಏನೋ ಒಂದು ನೆವ ಹೇಳಿ, ನೀನು ಅದನ್ನು ಎತ್ತಿಕೊಂಡು ಬಿಡಿಸು. ಬಿಡಿಸಿದ ಮೇಲೆ ಮತ್ತೆ ಮೇಜಿನ ಮೇಲೆ ಇಡಬೇಡ. ಅಲ್ಲಿಂದ ಎತ್ತಿಕೊಳ್ಳಲು ನಾನು ತಡಕಾಡುವುದನ್ನು ಮಕ್ಕಳು ನೋಡುವುದು ಬೇಡ. ಹಿಡಿ ನನ್ನ ಕಡೆ ಮಾಡಿ, ನನ್ನ ಮುಷ್ಟಿ ಮುಚ್ಚುವವರೆಗೆ ಬಿಡದೆ, ಕೈಗೇ ಕೊಡು. ಹೆಚ್ಚುವುದು ನಾನೇ. ಚೂರು ದಪ್ಪವಾಗುತ್ತದೆ, ಬೈ.

ನಮ್ಮವ್ವ, ನಿಮ್ಮಮ್ಮ ಇಬ್ಬರೂ ಕ್ಷಮಿಸಲಿ. ಜಗಳ ಬಂದರೆ ಬರಲಿ ಕಣೋ.