ಆಗಲ್ಲ ಅನ್ನೋದು ಕಲಿತ ಸ್ಕ್ರಿಪ್ಟು

ಮಾರ್ಚ್ ೧೪, ಗುರುವಾರ

ಆಫೀಸಿನ ಕಂಪ್ಯೂಟರುಗಳಲ್ಲಿ ವೈಫೈ ನಡೆಸೋ ಫರ್ಮ್‌ವೇರ್ ಫೈಲು ಹಾಕಿ, ಅದಿರೋ ಜಾಗಕ್ಕೆ ಲಿಂಕ್ ಮಾಡೋಕೆ ನಾನು ಬರೆದ ಪುಟ್ಟ ಪ್ರೋಗ್ರಾಂ, ಅಂದ್ರೆ ಸ್ಕ್ರಿಪ್ಟು, ಕೊನೆಗೂ ದಾರಿಗೆ ಬಂತು. ಲಿಂಕ್ ತೋರಿಸೋ ಕಡೆ ಫೈಲೇ ಇಲ್ಲದಿದ್ದರೂ ‘ಎಲ್ಲ ಸರಿಯಾಯ್ತು’ ಅಂತ ಹಲ್ಲು ಕಿರಿಯೋದು ಅದರ ಹಳೇ ಚಾಳಿ. ಆಮೇಲೆ ವೈಫೈ ಬರಲಿಲ್ಲ ಅಂತ ಬೈಸಿಕೊಳ್ಳೋದು ನಾನು. ಇವತ್ತು ಬೇಕಂತಲೇ ಒಂದು ಫೈಲು ಅಳಿಸಿ ಓಡಿಸಿದೆ. ಅಲ್ಲೇ ನಿಂತು, ಯಾವ ಫೈಲಿಲ್ಲ ಅಂತ ಹೆಸರು ಸಮೇತ ಹೇಳಿತು. ಜಾಣಮರಿ!

ಊಟಕ್ಕೆ ಕೂತಾಗ ತಂಗಿಗೆ ಹೇಳಿದೆ, “ನನ್ನ ಸ್ಕ್ರಿಪ್ಟು ಆಗಲ್ಲ ಅನ್ನೋದು ಕಲೀತು ಕಣೇ.”

“ನೀನು ಯಾವಾಗ ಕಲಿಯೋದು ಅಕ್ಕಾ?”

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಭಾನುವಾರ ಅವಳಿಗೆ ಬಾಡಿಗೆ ಮನೆ ನೋಡೋಕೆ ಹೋಗೋಣ ಅಂತ ಮಾತು ಕೊಟ್ಟಿದ್ದೆ. ಅದೇ ಭಾನುವಾರ ಆಫೀಸಿಗೆ ಬಾ ಅಂದ ಮ್ಯಾನೇಜರಿಗೂ ಸಂಜೆ ಹೂಂ ಅಂತ ತಲೆಯಾಡಿಸಿ ಬಂದಿದ್ದೆ.

ಈಗ ಫೋನು ತೆಗೆದು ಬರೆದೆ: ‘ಸರ್, ಭಾನುವಾರ ಆಗಲ್ಲ.’ ಕಳಿಸಿಯೂ ಬಿಟ್ಟೆ. ಮನಸ್ಸು ಎಷ್ಟು ಹಗುರ!