ಮದುವೆಯ ಅರಿಷಿಣ

ಮಾಲಾಳ ಅಪ್ಪನಿಗೆ,

ನೀವು ತೀರಿಕೊಂಡ ಮೇಲೆ ಕಾನಹೊಸಹಳ್ಳಿಯ ನಮ್ಮ ಗಿರಣಿಯನ್ನು ನಾನೇ ನಡೆಸುತ್ತಿದ್ದೇನೆ. ಜನ ಜೋಳ ತರುತ್ತಿದ್ದರು. ಗಂಡ ಸತ್ತವಳ ಕೈ ತಾಗಬಾರದೆಂದು ಮದುವೆಯ ಅರಿಷಿಣವನ್ನು ಮಾತ್ರ ಕೂಡ್ಲಿಗಿಗೆ ಒಯ್ಯುತ್ತಿದ್ದರು. ಮದುವೆಮನೆಗಳ ಕೆಲಸವಿಲ್ಲದೆ ಗಿರಣಿ ಉಳಿಯುವುದೇ ಕಷ್ಟವಿತ್ತು.

ಇಂದು ಮರುಳಸಿದ್ದಮ್ಮ ಮೊಮ್ಮಗಳ ಮದುವೆಯ ಅರಿಷಿಣ ಕೊಂಬು ತಂದು ನನ್ನ ಮುಂದೆ ಇಳಿಸಿದಳು. ಜೊತೆಗಿದ್ದ ಸೊಸೆ, "ಅತ್ತಿ, ಈಕಿ ಕೈಲೆ ಬ್ಯಾಡ," ಎಂದಳು.

"ದಿನಾ ಈಕಿ ಬೀಸಿದ ಹಿಟ್ಟಿನ ರೊಟ್ಟಿ ತಿಂತೀಯಲ್ಲ, ಸತ್ತೀಯೇನು? ನೀ ಹಾಕವ್ವ ಚೌಡಕ್ಕ!"

ಹಾಕಿದೆ. ಸಾಲಿನಲ್ಲಿದ್ದ ಶಾಂತಕುಮಾರಿ ತನ್ನ ಮಗನ ಮದುವೆಯದನ್ನೂ ನಾಳೆ ತರುತ್ತೇನೆಂದಳು. ನೀವು ಬಾಗಿಲಲ್ಲಿ ನಿಂತು ನೋಡಬೇಕಿತ್ತು.

ನೀವು ಹೋದ ದಿನ ಹೆಂಗಸರು ನನ್ನ ಕೆನ್ನೆಯ ಅರಿಷಿಣ ಒರೆಸಿದ್ದರು. ಇಂದು ಮೊಣಕೈವರೆಗೂ ಹತ್ತಿದೆ. ಇನ್ನೂ ತೊಳೆದಿಲ್ಲ.